ಮರಳುಗಾಡಿನ ಸವಾರ ಸಿ. ಎಸ್. ಸಂತೋಷ್

ನಮ್ಮ ಗಾಜಿಪುರದ ಓಣಿಗಳಲ್ಲಿ ಮೋಟಾರು ಸೈಕಲ್ಲಿನ ವೇಗವೊಂದನ್ನೇ ಮೆಚ್ಚುವ ಮಿತ್ರರು ಬಹಳ. ಅವರಿಗಾಗಿಯೇ ಬೆಂಗಳೂರಿನ ಸಿ. ಎಸ್. ಸಂತೋಷರ ವೃತ್ತಾಂತವನ್ನು ಬರೆಯುತ್ತಿದ್ದೇನೆ.

ಇವರು ಮೊದಲು ಪಳಗಿದ್ದು ದಿಬ್ಬ-ತಗ್ಗುಗಳ ಮಣ್ಣಿನ ಓಟಗಳಲ್ಲಿ. ಅಲ್ಲಿ ಸುತ್ತಿದ ದಾರಿಯನ್ನೇ ಮತ್ತೆ ಸುತ್ತುವುದು. ಎರಡು ಸುತ್ತಿಗೆ ತಿರುವೆಲ್ಲ ಕಂಠಪಾಠ. ಡಕಾರ್ ರ‍್ಯಾಲಿಯಾದರೋ ಹಾಗಲ್ಲ. 2015ರಲ್ಲಿ ಅದು ದಕ್ಷಿಣ ಅಮೇರಿಕದ ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳಲ್ಲಿ ಸುಮಾರು 9,000 ಕಿಲೋಮೀಟರು ನಡೆಯಿತು. ಆಗ ಹ್ಯಾಂಡಲಿನ ಮೇಲೆ ಸುತ್ತಿಟ್ಟ ಕಾಗದದ ಸುರುಳಿಯೇ ದಾರಿಗೆ ಆಧಾರವಾಗಿತ್ತು: ಇಷ್ಟು ದೂರಕ್ಕೆ ಹಳ್ಳ, ಇಷ್ಟು ಡಿಗ್ರಿಗೆ ತಿರುವು. ಹಿಂದಿನ ಸಂಜೆ ಕುಳಿತು ಅಪಾಯದ ಗುರುತುಗಳಿಗೆ ಬಣ್ಣ ಹಚ್ಚಿಕೊಳ್ಳಬೇಕಿತ್ತು. ಪರೀಕ್ಷೆಯ ಮುನ್ನಾ ರಾತ್ರಿಯ ನಮ್ಮ ಪಾಡೇ ಸರಿ! ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನಲ್ಲಿ ಮಳೆನೀರು ನಿಂತು, ಎಂಜಿನ್ನುಗಳಿಗೆ ಉಪ್ಪು ಮೆತ್ತಿ ಅನೇಕರ ಗಾಡಿಗಳು ಕೆಟ್ಟವು. ಸಂತೋಷ್ 36ನೆಯವರಾಗಿ ಗುರಿ ಮುಟ್ಟಿದರು. ಆ ಓಟವನ್ನು ಪೂರೈಸಿದ ಪ್ರಥಮ ಭಾರತೀಯರು ಅವರೇ. ಮೂವತ್ತಾರೇ ಎಂದು ನಗುವವರು, ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಮುಗಿಸಲೇ ಇಲ್ಲವೆಂಬುದನ್ನು ಗಮನಿಸಬೇಕು.

2018ರಲ್ಲಿ 34ನೆಯ ಸ್ಥಾನ ದೊರೆಯಿತು. 2021ರ ಜನವರಿ 6ರಂದು ಸೌದಿ ಅರೇಬಿಯದ ಓಟದಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಔಷಧಿಯಿಂದಲೇ ಅವರನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿರಿಸಿ ಚಿಕಿತ್ಸೆ ನಡೆಸಿದರು. ಚೇತರಿಸಿಕೊಂಡು ಬೆಂಗಳೂರಿಗೆ ಮರಳಿದರು.