ಇಂದಿನ ಧಮ್ಮ ಚಿಂತನೆ: ಹೆದರಿದ ಮಗು ಕಲಿಯುವುದಿಲ್ಲ



ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಎಳೆಯ ರಾಹುಲನಿಗೆ ಸುಳ್ಳಿನ ಕೆಡುಕನ್ನು ತಿಳಿಸಿಕೊಡುತ್ತಾರೆ. ಕೈಯಲ್ಲಿ ಕೋಲಿಲ್ಲ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ಚೂರು ನೀರೇ ಪಾಠದ ಸಾಮಗ್ರಿ. ಆಮೇಲೆ ಕನ್ನಡಿಯ ಮಾತು ಬರುತ್ತದೆ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಂತೆ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು: ಇದರಿಂದ ನನಗಾಗಲಿ ಇನ್ನೊಬ್ಬರಿಗಾಗಲಿ ನೋವಾಗುತ್ತದೆಯೇ?

ಇಂದು ಆ ಕನ್ನಡಿಯನ್ನು ದೊಡ್ಡವರಾದ ನಾವು ಹಿಡಿಯೋಣ.

*1. ಕೈ ಎತ್ತುವ ಮೊದಲು*
"ಛಡಿ ಛಂ ಛಂ, ವಿದ್ಯಾ ಘಂ ಘಂ" ಎಂಬ ಗಾದೆ ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? "ಮಾತು ಕೇಳಲಿಲ್ಲಂದ್ರ ನಾಕು ಬಿಗೀರಿ ಸರ" ಎಂದು ಶಾಲೆಗೆ ಹೋಗಿ ಹೇಳಿಬರುವ ಪಾಲಕರೂ ಇದ್ದಾರೆ. ಮಗು ಉದ್ಧಾರವಾಗಲಿ ಎಂಬುದೇ ಅವರ ಆಸೆ. ಆದರೆ ಹೆದರಿದ ಮಗುವಿನ ಗಮನ ಫಲಕದ ಮೇಲೆ ಇರುವುದಿಲ್ಲ, ಹೊಡೆಯುವವರ ಕೈ ಮೇಲೆ ಇರುತ್ತದೆ. ತಿಳಿಯದ್ದನ್ನು ಕೇಳುವ ಧೈರ್ಯ ಹೋಗುತ್ತದೆ. ಬೆಳಗಾದರೆ ಹೊಟ್ಟೆನೋವು, ರಾತ್ರಿ ನಿದ್ದೆಯಿಲ್ಲ, ಕೊನೆಗೆ ಶಾಲೆಯೇ ಬೇಡ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

*2. ಮಾತಾಡುವಾಗ*
ಅವಮಾನವೂ ಹೊಡೆತವೇ. ಸಾತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಚಪರಾಸಿ ಇಲ್ಲದ ದಿನ ಕುಡಿಯಲು ನೀರೂ ಇರಲಿಲ್ಲ. ಅದು ಹಳೆಯ ಕಾಲದ ಮಾತು ಎನ್ನಬೇಡಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿ ಸ್ವಚ್ಛಮಾಡಲು ಇಳಿಸಿದ್ದು ಬೆಳಕಿಗೆ ಬಂತು. ಬಾಬಾಸಾಹೇಬರು ಓದಿ ಮೇಲೆ ಬಂದರು ನಿಜ. ಅವಮಾನ ತಾಳಲಾರದೆ ಪಾಟಿಚೀಲ ಮೂಲೆಗೆ ಎಸೆದ ಮಕ್ಕಳ ಲೆಕ್ಕ ಇಟ್ಟವರು ಯಾರು?

*3. ಆದ ಮೇಲೆ*
ತಪ್ಪು ನಡೆದಿದ್ದರೆ ಬಚ್ಚಿಡದೆ ತಿಳಿದವರ ಮುಂದೆ ಹೇಳಬೇಕು ಎಂಬುದೂ ಅದೇ ಸುತ್ತದ ಬೋಧನೆ. ನಾವು ಎಡವುವುದು ಇಲ್ಲಿಯೇ. ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದ್ದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ನಂಬಿಕೆಯ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ನಮ್ಮ ಜಿಲ್ಲೆಯಿಂದ ದುಡಿಯಲು ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳು ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಟ್ಟು ಹೋಗುತ್ತವೆ. ಆ ಮಕ್ಕಳು ಯಾರ ಹತ್ತಿರ ಬಾಯಿ ಬಿಡಬೇಕು? ಹೇಳಿದರೂ "ಮರ್ಯಾದೆ ಹೋಗುತ್ತದೆ" ಎಂದು ಹಿರಿಯರು ಕೂಡಿ ಬಗೆಹರಿಸಿಬಿಡುತ್ತಾರೆ. ಹುಡುಗಿಯಾದರೆ ಶಾಲೆ ಬಿಡಿಸಿ ಮದುವೆ ಮಾಡುತ್ತಾರೆ. ತಪ್ಪು ಮಾಡಿದವನು ಓಡಾಡಿಕೊಂಡಿರುತ್ತಾನೆ, ಶಿಕ್ಷೆ ಮಗುವಿಗೆ. ಪೋಕ್ಸೋ ಕಾಯ್ದೆ 2012ರ ಪ್ರಕಾರ ಇಂಥದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಮಗುವಿನ ಹೆಸರು, ಗುರುತು ಬಹಿರಂಗಪಡಿಸುವಂತಿಲ್ಲ. ಇಂಥ ಕಡೆ ಮೌನವನ್ನು ಶೀಲ ಎನ್ನಲಾಗದು.

ಎಲ್ಲ ಜೀವಿಗಳ ಮೇಲೆ ಕರುಣೆ ಇಡುತ್ತೇವೆ ಎಂಬುದು ನಮ್ಮ 22 ಪ್ರತಿಜ್ಞೆಗಳಲ್ಲಿ ಒಂದು. ಅದು ನಮ್ಮ ಮನೆಯ ಮಗುವಿನಿಂದಲೇ ಶುರುವಾಗಲಿ. ಕೋಲಿಲ್ಲದೆ ಕಲಿತ ರಾಹುಲನನ್ನು ಮುಂದೆ ಬುದ್ಧರು, ಕಲಿಯುವ ಹಂಬಲವುಳ್ಳ ಭಿಕ್ಖುಗಳಲ್ಲಿ ಅಗ್ರನೆಂದು ಹೊಗಳಿದರು.

*ಇಂದಿನ ಅಭ್ಯಾಸ:* ರಾತ್ರಿ ಊಟವಾದ ಮೇಲೆ ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ ಮಗುವಿನ ಜೊತೆ ಕೂಡಿ. ಅಂಕ ಕೇಳಬೇಡಿ. "ಯಾರಿಗರೆ ಹೆದರ್ತಿ ಏನು?" ಎಂದು ಕೇಳಿ. ಹೇಳಿದರೆ ನಂಬಿ, ಬೈಯಬೇಡಿ, "ನಿಂದ ತಪ್ಪು" ಎನ್ನಬೇಡಿ. ದೌರ್ಜನ್ಯದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ.

ಈ ಸಂದೇಶವನ್ನು ನಿಮ್ಮ ಓಣಿಯ ಪಾಲಕರಿಗೂ ಕಳಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.