ಸೊಳ್ಳೆಯ ಕುಲಶೋಧನೆ

ಸೊಳ್ಳೆಗಳೆಲ್ಲವೂ ಒಂದೇ ಎಂಬುದು ಲೋಕರೂಢಿ. ಆದರೆ ಮಲೇರಿಯ ಜ್ವರವನ್ನು ಮನುಷ್ಯರಲ್ಲಿ ಹರಡತಕ್ಕವು ಅನಾಫಿಲೀಸ್ ವರ್ಗದ ಕೆಲವು ಹೆಣ್ಣುಸೊಳ್ಳೆಗಳು ಮಾತ್ರವೇ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಇವುಗಳೊಳಗೂ ಕುಲಭೇದವುಂಟೆಂದೂ, ಅದನ್ನರಿಯದಿದ್ದರೆ ರೋಗನಿವಾರಣೆಯ ಶ್ರಮವು ವ್ಯರ್ಥವಾದೀತೆಂದೂ ಇಲ್ಲಿ ವಿವರಿಸಲೆಳಸುತ್ತೇವೆ.

ಭಾರತದ ಹಳ್ಳಿಗಳಲ್ಲಿ ಮಲೇರಿಯವನ್ನು ಹರಡುವ ಮುಖ್ಯ ಸೊಳ್ಳೆಗೆ ಅನಾಫಿಲೀಸ್ ಕ್ಯುಲಿಸಿಫೇಸೀಸ್ ಎಂದು ಹೆಸರು. ಇದನ್ನು ಬಹುಕಾಲ ಒಂದೇ ಜಾತಿಯೆಂದೆಣಿಸಿದ್ದರು. ರೆಕ್ಕೆಕಾಲುಗಳಲ್ಲಿ ಯಾವ ಭೇದವೂ ತೋರದು. ಆದರೆ ವಂಶಗುಣಗಳನ್ನು ತಾಯಿತಂದೆಗಳಿಂದ ಮರಿಗಳಿಗೆ ಒಯ್ಯುವ ವರ್ಣತಂತುಗಳೆಂಬ ಎಳೆಗಳುಂಟಷ್ಟೆ. ಹೆಣ್ಣುಸೊಳ್ಳೆಯ ಅಂಡಾಶಯದಲ್ಲಿ ಇವು ದಪ್ಪವಾಗಿದ್ದು, ಸೂಕ್ಷ್ಮದರ್ಶಕದಲ್ಲಿ ಸೀರೆಯ ಪಟ್ಟೆಗಳಂತೆ ಅಡ್ಡಗೆರೆಗಳುಳ್ಳವಾಗಿ ಕಾಣುವುವು. ಕೆಲವು ಸೊಳ್ಳೆಗಳಲ್ಲಿ ಈ ಗೆರೆಗಳ ಸಾಲಿನ ಒಂದು ಭಾಗವು ಹಿಂದುಮುಂದಾಗಿರುವುದು. ಎರಡು ಬಗೆಯವೂ ಒಂದೇ ಊರಿನಲ್ಲಿದ್ದರೂ ಮಿಶ್ರಸಂತಾನವು ಕಾಣದಿದ್ದುದರಿಂದ, ಇವು ಬೇರೆ ಬೇರೆ ಜಾತಿಗಳೆಂದು 1980ರಲ್ಲಿ ಪ್ರಕಟಿಸಿ, ‘ಎ’, ‘ಬಿ’ ಎಂದು ಹೆಸರಿಟ್ಟರು. ಮುಂದೆ ‘ಸಿ’, ‘ಡಿ’ ಜಾತಿಗಳೂ ಗೊತ್ತಾದವು. ಇವುಗಳಲ್ಲಿ ‘ಬಿ’ ಜಾತಿಯು ದನಗಳ ರಕ್ತವನ್ನೇ ಹೆಚ್ಚಾಗಿ ಬಯಸುವುದು. ಮಲೇರಿಯ ಹರಡುವುದರಲ್ಲಿ ಬಲು ದುರ್ಬಲವಾದುದು.

ಹಾಗಿದ್ದರೆ, ‘ಬಿ’ ಜಾತಿಯೇ ಇದ್ದಿತೆಂದು ತಿಳಿದಿದ್ದ ರಾಮೇಶ್ವರ ದ್ವೀಪದಲ್ಲಿ ಜನರು ಮಲೇರಿಯದಿಂದ ನರಳಿದುದೇಕೆ? ಇದಕ್ಕೆ 1999ರಲ್ಲಿ ಉತ್ತರ ದೊರೆಯಿತು. ಗಂಡುಸೊಳ್ಳೆಯ ‘ವೈ’ ವರ್ಣತಂತುವಿನ ಆಕಾರವನ್ನು ಪರೀಕ್ಷಿಸಿದಾಗ, ‘ಬಿ’ ಎಂದು ಭಾವಿಸಿದ್ದವುಗಳ ನಡುವೆ ‘ಇ’ ಎಂಬ ಐದನೆಯ ಜಾತಿಯು ಅಡಗಿದ್ದುದು ಬಯಲಾಯಿತು. ರೋಗವನ್ನು ಹರಡುತ್ತಿದ್ದುದು ಇದೇ. ಸಿಂಹಳದ್ವೀಪದಲ್ಲಿಯೂ ಇದು ಕಂಡುಬಂದಿತು. ಸಾಧುವಿನ ವೇಷದಲ್ಲಿ ಕಳ್ಳನಿದ್ದಂತಾಯಿತು!

ಈಗ ಸಾಧನಗಳು ಇನ್ನೂ ಸೂಕ್ಷ್ಮವಾಗಿವೆ. ಸತ್ತೊಣಗಿದ ಸೊಳ್ಳೆಯ ಒಂದು ಕಾಲು ದೊರೆತರೂ ಸಾಕು, ಅದರಲ್ಲಿರುವ ಡಿ.ಎನ್.ಎ. ಎಂಬ ವಂಶದ್ರವ್ಯದ ಬೇಕಾದ ತುಣುಕನ್ನು ಪಿ.ಸಿ.ಆರ್. ವಿಧಾನದಿಂದ ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ, ಜಾತಿಯನ್ನು ನಿರ್ಣಯಿಸಬಹುದು. ಕೀಟನಾಶಕಕ್ಕೆ ಜಗ್ಗದ ಗುಣವು ವಂಶವಾಹಿಯಲ್ಲಿ ಮೂಡಿದೆಯೇ, ಒಂದು ಸೀಮೆಯ ಸೊಳ್ಳೆಗಳಲ್ಲಿ ಎಷ್ಟರವರೆಗೆ ಹಬ್ಬಿದೆ ಎಂಬುದನ್ನೂ ಹೀಗೆಯೇ ಅಳೆಯುವರು. ಆ ಗುಣವು ಹಬ್ಬಿದ ಊರಿನಲ್ಲಿ ಅದೇ ಔಷಧವನ್ನು ಮತ್ತೆ ಮತ್ತೆ ಸಿಂಪಡಿಸಿದರೆ ಹಣವೂ ಹಾಳು, ಮಕ್ಕಳ ಪ್ರಾಣಕ್ಕೂ ಅಪಾಯ.

ಆದುದರಿಂದ, ಸೊಳ್ಳೆಯ ಕಾಲನ್ನೂ ಗೆರೆಗಳನ್ನೂ ನೋಡುತ್ತ ಕುಳಿತವರ ಕೆಲಸವನ್ನು ಅಲ್ಪವೆಂದೆಣಿಸಲಾಗದು. ಶತ್ರುವನ್ನು ಗುರುತಿಸುವುದೇ ಗೆಲವಿನ ಮೊದಲ ಮೆಟ್ಟಲು. ಈ ವಿದ್ಯೆಗೆ ತಾಳ್ಮೆಯೂ ತೀಕ್ಷ್ಣದೃಷ್ಟಿಯೂ ಬೇಕು. ಇವೆರಡೂ ನಮ್ಮ ಹೆಣ್ಣುಮಕ್ಕಳಲ್ಲಿ ಧಾರಾಳವಾಗಿವೆಯೆಂಬುದನ್ನು ಮಾತಾಪಿತೃಗಳಿಗೆ ನಾವು ಹೇಳಬೇಕಾಗಿಲ್ಲ.