ಮಾರುಕಟ್ಟೆ ಯಾವುದು, ದಲ್ಲಾಳಿ ಯಾರು?

ಒಳ್ಳೆಯ ಬೀಜ, ಸಕಾಲದ ಬಿತ್ತನೆ, ಸಮತೋಲನ ಗೊಬ್ಬರ, ಸಸ್ಯ ಸಂರಕ್ಷಣೆ ಇವುಗಳ ವಿಷಯದಲ್ಲಿ ನಮ್ಮ ರೈತರು ಸಾಕಷ್ಟು ತಿಳಿವಳಿಕೆ ಪಡೆದಿದ್ದಾರೆ. ಆದರೆ ತಿಂಗಳುಗಟ್ಟಲೆ ದುಡಿದು ಬೆಳೆದದ್ದನ್ನು ಒಂದೇ ಮುಂಜಾನೆಯಲ್ಲಿ ಇನ್ನೊಬ್ಬರ ಕೈಗೆ ಒಪ್ಪಿಸಿ, ಅವರು ಎಣಿಸಿ ಕೊಟ್ಟಷ್ಟನ್ನು ಪಡೆದು ಬರುವವರೇ ಹೆಚ್ಚು. ಇಳುವರಿ ಹೆಚ್ಚಿಸಲು ಪಟ್ಟ ಶ್ರಮವೆಲ್ಲ ತಕ್ಕಡಿಯ ಬಳಿ ಸೋರಿಹೋದರೆ ಪ್ರಯೋಜನವೇನು? ಆದ್ದರಿಂದ ಮಾರುಕಟ್ಟೆಯನ್ನೂ ದಲ್ಲಾಳಿಯನ್ನೂ ಆರಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸುತ್ತಮುತ್ತಲ ಮಾರುಕಟ್ಟೆಗಳು

ಕಾವೇರಿ ದಂಡೆಯ ರುದ್ರಪಟ್ಟಣದ ಸುತ್ತಿನ ರೈತರನ್ನು ಗಮನಿಸಿರಿ. ಅವರ ಮುಂದೆ ಒಂದಲ್ಲ, ನಾಲ್ಕಾರು ಪೇಟೆಗಳಿವೆ.

ಹೊಗೆಸೊಪ್ಪು ಬೆಳೆಯುವವರಿಗೆ ಹತ್ತಿರದ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ. 1975ರ ಕಾಯಿದೆಯಂತೆ ಸ್ಥಾಪನೆಯಾದ ಈ ಮಂಡಳಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ತಂದದ್ದು 1984ರಲ್ಲಿ. ನೋಂದಾಯಿತ ಬೆಳೆಗಾರನ ಬೇಲನ್ನು ಎಲ್ಲರೆದುರು ತೂಗಿ, ಹರಾಜು ಮಾಡಲಾಗುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ಹಿಂದಕ್ಕೆ ಪಡೆಯಬಹುದು. ಇಲ್ಲಿ ದಲ್ಲಾಳಿಯ ಪ್ರಶ್ನೆಯೇ ಇಲ್ಲ.

ಆಲೂಗಡ್ಡೆಗೆ ಹಾಸನದ ಕೃಷಿ ಉತ್ಪನ್ನ ಮಾರುಕಟ್ಟೆ ಹೆಸರಾಗಿದೆ. ಕೊಬ್ಬರಿಗೆ ಚನ್ನರಾಯಪಟ್ಟಣ, ಅರಸೀಕೆರೆ, ತಿಪಟೂರುಗಳಿವೆ. ಶುಂಠಿ ಮಾತ್ರ ಬಹುಪಾಲು ಹೊಲದಲ್ಲಿಯೇ, 60 ಕೆ.ಜಿ. ಮೂಟೆಯ ಲೆಕ್ಕದಲ್ಲಿ ವ್ಯಾಪಾರವಾಗುತ್ತದೆ. ಮೂಟೆಗೆ ನಿಜವಾಗಿ ಎಷ್ಟು ಕೆ.ಜಿ. ತುಂಬಲಾಯಿತೆಂಬುದನ್ನು ಇಲ್ಲಿ ರೈತನೇ ನೋಡಿಕೊಳ್ಳಬೇಕು.

ಕೂಗಿದ ಬೆಲೆ ಬೇರೆ, ಕೈಸೇರುವ ಹಣ ಬೇರೆ

ಉದಾಹರಣೆಗೆ ಒಬ್ಬ ರೈತನಲ್ಲಿ 50 ಕ್ವಿಂಟಾಲ್ ಆಲೂಗಡ್ಡೆ ಇದೆಯೆಂದು ಭಾವಿಸೋಣ. ಹೊಲಕ್ಕೆ ಬಂದ ವ್ಯಾಪಾರಿ ಕ್ವಿಂಟಾಲಿಗೆ 1,650 ರೂ. ಹೇಳಿದ, ಮಾರುಕಟ್ಟೆಯಲ್ಲಿ ಧಾರಣೆ 1,900 ರೂ. ಇದೆ. ಲಾರಿ ಬಾಡಿಗೆ, ಚೀಲ, ಹಮಾಲಿ ಸೇರಿ 5,500 ರೂ. ಖರ್ಚು ಬರುತ್ತದೆ.

1. ಹೊಲದಲ್ಲಿ ಮಾರಿದರೆ: ವ್ಯಾಪಾರಿ ಕ್ವಿಂಟಾಲಿಗೆ 1 ಕೆ.ಜಿ. ಸೂಟು ಹಿಡಿದರೂ ಕೈಗೆ ಬರುವುದು 81,675 ರೂ.

2. ಮಾರುಕಟ್ಟೆಯಲ್ಲಿ, ಕ್ವಿಂಟಾಲಿಗೆ 2 ಕೆ.ಜಿ. ಸೂಟನ್ನೂ ನೂರಕ್ಕೆ 10ರಂತೆ ಕಮಿಷನ್ನನ್ನೂ ಹಿಡಿಯುವ ದಲ್ಲಾಳಿಯ ಮೂಲಕ ಮಾರಿದರೆ: 78,290 ರೂ.

3. ಅದೇ ಮಾರುಕಟ್ಟೆಯಲ್ಲಿ, ಅದೇ ದಿನ, ಸೂಟು ಕಮಿಷನ್ ಹಿಡಿಯದ ದಲ್ಲಾಳಿಯ ಮೂಲಕ ಮಾರಿದರೆ: 89,500 ರೂ.

ಒಂದೇ ಸರಕು, ಒಂದೇ ಧಾರಣೆ. ವ್ಯತ್ಯಾಸ 11,210 ರೂ. ಹೆಚ್ಚಿನ ಬೆಲೆಯ ಪೇಟೆಗೆ ಹೋಗಿಯೂ ಹೊಲದಲ್ಲಿ ಮಾರಿದ್ದಕ್ಕಿಂತ ಕಡಿಮೆ ಪಡೆಯುವುದು ಹೀಗೆ. ಪೇಟೆಯ ಆಯ್ಕೆಗಿಂತ ದಲ್ಲಾಳಿಯ ಆಯ್ಕೆ ಕೆಲವೊಮ್ಮೆ ಮುಖ್ಯವಾಗುತ್ತದೆ ಎಂಬುದನ್ನು ಮರೆಯಬಾರದು.

ನಮ್ಮ ರಾಜ್ಯದ ಕೃಷಿ ಮಾರುಕಟ್ಟೆ ಕಾಯಿದೆ 1966ರದು. ನಿಯಂತ್ರಿತ ಮಾರುಕಟ್ಟೆಯಲ್ಲಿ ದಲ್ಲಾಳಿಯ ಕಮಿಷನ್ನನ್ನು ಕೊಳ್ಳುವವರಿಂದ ಪಡೆಯಬೇಕೇ ಹೊರತು ಮಾರುವ ರೈತನಿಂದಲ್ಲ. ಸೂಟು, ಬಿಳಿ ಚೀಟಿ ಇವು ರೂಢಿಯಲ್ಲಿರಬಹುದು, ಕಾನೂನಿನಲ್ಲಿಲ್ಲ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಸರಕನ್ನು ಗಾಡಿಗೆ ಏರಿಸುವ ಮುನ್ನ ಈ ನಾಲ್ಕನ್ನು ವಿಚಾರಿಸಿರಿ.

1. ಲೈಸೆನ್ಸ್ ಇದೆಯೇ? ದಲ್ಲಾಳಿಯ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದನ್ನು ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ತಿಳಿಯಬಹುದು.

2. ತೂಕ ಯಾರದು? ತೂಗುವಾಗ ತಾವೇ ನಿಂತು ನೋಡಿರಿ. ಮನೆಯಲ್ಲಿ ತೂಗಿದ ಒಂದೆರಡು ಚೀಲಗಳಿಗೆ ಗುರುತು ಹಾಕಿ ತಾಳೆ ನೋಡಿರಿ.

3. ಹಣ ಯಾವಾಗ? ಅಂದಿನ ಹಣ ಅಂದೇ, ಲೆಕ್ಕ ತಿರುವಳಿ ಪಟ್ಟಿಯೊಡನೆ ಪಡೆಯಿರಿ. ಪಟ್ಟಿಯಿಲ್ಲದೆ ದೂರು ನಿಲ್ಲುವುದಿಲ್ಲ.

4. ತಕರಾರಾದರೆ ಕೇಳುವವರು ಯಾರು? ನಿಯಂತ್ರಿತ ಪ್ರಾಂಗಣದಲ್ಲಿ ಸಮಿತಿಯ ಕಾರ್ಯದರ್ಶಿ ಇರುತ್ತಾರೆ. ರಸ್ತೆ ಬದಿಯ ವ್ಯಾಪಾರದಲ್ಲಿ ಯಾರೂ ಇರುವುದಿಲ್ಲ.

ಬಿತ್ತನೆ ಕಾಲದಲ್ಲಿ ಮುಂಗಡ ಕೊಟ್ಟವನಿಗೇ ಫಸಲನ್ನು ಕೊಡಬೇಕಾದಾಗ ಈ ಪ್ರಶ್ನೆಗಳನ್ನು ಕೇಳುವ ಬಾಯಿ ಕಟ್ಟಿಹೋಗುತ್ತದೆ. ಆದ್ದರಿಂದ ಬೀಜ, ಗೊಬ್ಬರದ ಸಾಲವನ್ನು ಸಹಕಾರ ಸಂಘ ಅಥವಾ ಬ್ಯಾಂಕಿನಿಂದ ಪಡೆಯುವುದು ಲೇಸು. ಕೊಬ್ಬರಿ, ಮುಸುಕಿನ ಜೋಳದಂತಹ ಕೆಡದ ಸರಕನ್ನು ಉಗ್ರಾಣದಲ್ಲಿಟ್ಟು ಅಡಮಾನ ಸಾಲ ಪಡೆಯುವ ಅನುಕೂಲದ ಬಗ್ಗೆ ಸಮಿತಿಯಲ್ಲಿ ವಿಚಾರಿಸಿರಿ. ಆಲೂಗಡ್ಡೆಗೆ ಕಾಯುವ ಶಕ್ತಿ ಇಲ್ಲ. ಅದಕ್ಕೆ ದಲ್ಲಾಳಿಯನ್ನು ಕೀಳುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ವಾಯಿದೆ ಪೇಟೆ ಮತ್ತು ಷೇರು ದಲ್ಲಾಳಿಗಳು

ಈಗ ಸರಕಿನ ಬದಲು ಹಣವನ್ನೇ ಪೇಟೆಗೆ ಕಳಿಸಿರೆಂದು ದೂರವಾಣಿಯಲ್ಲಿ ಕರೆಯುವವರೂ ಹೆಚ್ಚಾಗಿದ್ದಾರೆ. ಅಲ್ಲಿಯೂ ಅದೇ ನಾಲ್ಕು ಪ್ರಶ್ನೆಗಳು ಅನ್ವಯಿಸುತ್ತವೆ.

ವಾಯಿದೆ ಪೇಟೆಯೆಂದರೆ ಮುಂದಿನ ತಿಂಗಳುಗಳಲ್ಲಿ ಕೊಡುವ ಸರಕಿಗೆ ಇಂದೇ ಬೆಲೆ ಕಟ್ಟುವ ಪೇಟೆ. ಅಲ್ಲಿನ ಧಾರಣೆಯನ್ನು ಓದುವುದು ರೈತನಿಗೆ ಉಪಯುಕ್ತ. ಸ್ವಲ್ಪ ಠೇವಣಿಯ ಮೇಲೆ ದೊಡ್ಡ ವ್ಯವಹಾರ ಮಾಡುವುದು ಬೇರೆ ಮಾತು. ಬೆಲೆ ತಿರುಗಿದರೆ ಠೇವಣಿಯೂ ಹೋಗಿ ಮೇಲೆ ಸಾಲವೂ ನಿಲ್ಲುತ್ತದೆ. ಪೇಟೆಯೇ ನಿಂತುಹೋಗುವುದೂ ಉಂಟು. 2008ರ ಮೇ ತಿಂಗಳಲ್ಲಿ ಆಲೂಗಡ್ಡೆ, ಕಡಲೆ, ರಬ್ಬರ್, ಸೋಯಾ ಎಣ್ಣೆಗಳ ವಾಯಿದೆಯನ್ನು ಸರ್ಕಾರ ತಡೆಯಿತು. 2013ರ ಜುಲೈನಲ್ಲಿ ಮುಂಬಯಿಯ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ವ್ಯವಹಾರ ನಿಲ್ಲಿಸಿದಾಗ ಸುಮಾರು 5,600 ಕೋಟಿ ರೂ. ಸಿಕ್ಕಿಕೊಂಡಿತು, ಉಗ್ರಾಣದಲ್ಲಿದೆಯೆಂದ ಸರಕಿನ ಬಹುಭಾಗ ಅಲ್ಲಿರಲಿಲ್ಲ.

2015ರ ಸೆಪ್ಟೆಂಬರಿನಿಂದ ಸರಕು ವಾಯಿದೆ ಪೇಟೆಗಳೂ ಸೆಬಿಯ ಅಧೀನದಲ್ಲಿವೆ. ಸೆಬಿಯಲ್ಲಿ ನೋಂದಣಿಯಾಗದ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಖಚಿತ ಲಾಭದ ಭರವಸೆ ಕೊಡುವವನನ್ನು, ಖಾಸಗಿ ವ್ಯಕ್ತಿಯ ಖಾತೆಗೆ ಹಣ ಕಟ್ಟಲು ಹೇಳುವವನನ್ನು ದೂರವಿಡಿರಿ. ಮೋಸ ಹೋದದ್ದು ತಿಳಿದ ಕೂಡಲೇ, ತಡಮಾಡದೆ 1930ಕ್ಕೆ ಕರೆ ಮಾಡಿರಿ. ಮುಂದಿನ ಬೆಳೆಯ ಬಂಡವಾಳವನ್ನು ಈ ಪೇಟೆಗೆ ತಗುಲಿಸುವುದಂತೂ ಸಲ್ಲದು.

ಕೊನೆಯ ಮಾತು

ಪ್ರತಿ ಮಾರಾಟದ ಪಟ್ಟಿಯನ್ನೂ ಜೋಪಾನ ಮಾಡಿ, ಒಂದು ಪುಸ್ತಕದಲ್ಲಿ ದಿನಾಂಕ, ದಲ್ಲಾಳಿ, ಮನೆಯ ತೂಕ, ಪೇಟೆಯ ತೂಕ, ಕೈಸೇರಿದ ಹಣ ಇವಿಷ್ಟನ್ನು ಬರೆದಿಡಿರಿ. ಎರಡು ಹಂಗಾಮು ಕಳೆಯುವುದರೊಳಗೆ ಯಾವ ಪೇಟೆ, ಯಾವ ದಲ್ಲಾಳಿ ಒಳ್ಳೆಯವರೆಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ. ಊರಿನ ನಾಲ್ಕು ಮಂದಿ ತಮ್ಮ ಪುಸ್ತಕಗಳನ್ನು ಒಂದೆಡೆ ಕೂತು ನೋಡಿದರೆ ಇನ್ನೂ ಬೇಗ ತಿಳಿಯುತ್ತದೆ. ಹೆಚ್ಚಿನ ವಿವರಗಳಿಗೆ ಸಮೀಪದ ಮಾರುಕಟ್ಟೆ ಸಮಿತಿಯ ಕಚೇರಿಯನ್ನು ಅಥವಾ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.